ಕಟ್ಟುಹಾವಿನ ವಿಷವೂ ಸ್ನಾಯುವಿನ ಬೀಗವೂ

ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಾಲುಸಾಲಾಗಿ ಪ್ರತಿಷ್ಠೆ ಮಾಡಿರುವ ನಾಗರಕಲ್ಲುಗಳನ್ನು ನೋಡಿಯೇ ಇರುತ್ತೀರಿ. ದನಗಳ ಜಾತ್ರೆಗೆ ಬಂದ ರೈತರು ಎತ್ತುಗಳ ಪಕ್ಕದಲ್ಲೇ ಮಲಗುವುದನ್ನೂ ಕಂಡಿರಬಹುದು. ಜಾತ್ರೆಯಲ್ಲಷ್ಟೇ ಅಲ್ಲ, ಊರಿನಲ್ಲೂ ತೋಟದ ಮನೆಯಲ್ಲೂ ನೆಲದ ಮೇಲೆ ಮಲಗುವುದು ನಮ್ಮಲ್ಲಿ ರೂಢಿ. ಹೀಗೆ ಮಲಗುವವರು ನಾಗರಹಾವಿಗಿಂತ ಹೆಚ್ಚಾಗಿ ಅಂಜಬೇಕಾದದ್ದು ಕಟ್ಟುಹಾವಿಗೆ. ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆ, ರಾತ್ರಿಯ ಸಂಚಾರ. ಕಚ್ಚಿದ ಜಾಗದಲ್ಲಿ ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನೀರು ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ಇದು ಹೇಗಾಗುತ್ತದೆ? ನರವು ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಅತಿ ಸೂಕ್ಷ್ಮವಾದ ಸಂದು ಇರುತ್ತದೆ. ನರದ ತುದಿಯಿಂದ ಹೊರಟ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ನಾಯುವಿನ ಜೀವಕೋಶದ ಮೇಲಿರುವ ಗ್ರಾಹಕಗಳಿಗೆ, ಅಂದರೆ ರಿಸೆಪ್ಟರ್‌ಗಳಿಗೆ, ಬೀಗಕ್ಕೆ ಬೀಗದ ಕೈ ಹೊಂದುವಂತೆ ಹೊಂದಿಕೊಂಡಾಗ ಸ್ನಾಯು ಬಿಗಿಯುತ್ತದೆ. ಹಾವಿನ ವಿಷ ಈ ಬೀಗದ ಕಿಂಡಿಯಲ್ಲಿ ಭದ್ರವಾಗಿ ಕುಳಿತುಬಿಡುತ್ತದೆ. ಬೀಗ ತೆರೆಯುವುದೂ ಇಲ್ಲ, ನಿಜವಾದ ಕೈಗೆ ಜಾಗವೂ ಇಲ್ಲ.

1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ನಮ್ಮ ಕಟ್ಟುಹಾವಿನ ದಾಯಾದಿಯೊಂದರ ವಿಷದಿಂದ ಇಂಥ ಅಂಶವನ್ನು ಬೇರ್ಪಡಿಸಿದರು. ಅದನ್ನೇ ಗಾಳದಂತೆ ಬಳಸಿ, ಅದುವರೆಗೆ ಬರೀ ಊಹೆಯಾಗಿದ್ದ ಗ್ರಾಹಕವನ್ನು 1970ರ ಸುಮಾರಿಗೆ ಪ್ಯಾರಿಸ್ಸಿನ ಷಾಂಜೂ ಮತ್ತು ಸಂಗಡಿಗರು ವಿದ್ಯುತ್ ಮೀನಿನ ಅಂಗದಿಂದ ಹಿಡಿದರು. ಮಯಸ್ತೇನಿಯಾ ಎಂಬ ಸ್ನಾಯು ದೌರ್ಬಲ್ಯದ ರೋಗಿಗಳಲ್ಲಿ ಈ ಗ್ರಾಹಕಗಳೇ ಕಡಿಮೆ ಎಂದು 1973ರಲ್ಲಿ ತಿಳಿದದ್ದೂ ಇದೇ ವಿಷದ ನೆರವಿನಿಂದ. ಮುಂಗುಸಿ ಯಾವುದೋ ಬೇರು ತಿಂದು ವಿಷ ಕಳೆದುಕೊಳ್ಳುತ್ತದೆಂದು ನಮ್ಮಜ್ಜಿ ಹೇಳುತ್ತಿದ್ದರು. ಬೇರಲ್ಲ; ಅದರ ಗ್ರಾಹಕದ ಆಕಾರವೇ ಬೇರೆ, ನಾಗರ ವಿಷ ಅಲ್ಲಿ ಕೂರುವುದಿಲ್ಲವೆಂದು 1992ರಲ್ಲಿ ಗೊತ್ತಾಯಿತು.

ನಾಗರಹಾವು ಕಚ್ಚಿದಾಗ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಕೊಟ್ಟರೆ ಅಸಿಟೈಲ್‌ಕೋಲಿನ್ ಹೆಚ್ಚಾಗಿ ಗುಣ ಕಾಣುವುದುಂಟು. ಕಟ್ಟುಹಾವು ನರದ ತುದಿಯನ್ನೂ ಕೆಡಿಸುವುದರಿಂದ ಅಷ್ಟು ಸುಲಭವಲ್ಲ. ಆದ ಹಾನಿಯನ್ನು ಪ್ರತಿವಿಷ ಸರಿಪಡಿಸದು, ಮುಂದಿನದನ್ನು ತಡೆದೀತು. ಆದ್ದರಿಂದ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಎಂದು ಹೊತ್ತು ಕಳೆಯಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ನೋಡಿಕೊಂಡು, ರೋಗಿಯನ್ನು ನಡೆಸದೆ, ಕೃತಕ ಉಸಿರಾಟದ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ಅದು ದೂರವಿದ್ದರೆ ಪ್ರತಿವಿಷ ಸಿಗುವ ಹತ್ತಿರದ ಸರಕಾರಿ ಆಸ್ಪತ್ರೆಗೆ ಮೊದಲು ಹೋಗಿ. ಮಂಚವಿಲ್ಲದವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಬಹುದು.

ಇನ್ನೊಂದು ಮಾತು. ಈ ರೋಗಿಗಳು ಕಣ್ಣು ತೆರೆಯದೆ, ಬೆರಳು ಅಲುಗಿಸದೆ ಸತ್ತವರಂತೆಯೇ ಕಾಣಬಹುದು. ಕಿವಿ ಕೇಳುತ್ತಿರುತ್ತದೆ. ಅವರ ಮುಂದೆ ಆಸೆಯಿಲ್ಲವೆಂದು ಮಾತಾಡಬೇಡಿ. ಕೃತಕ ಉಸಿರಾಟದಲ್ಲಿಟ್ಟಾಗ, ನರದ ತುದಿಗಳು ಮತ್ತೆ ಚಿಗುರಿ ಕೆಲವು ದಿನಗಳಲ್ಲಿ ಎದ್ದು ಕೂತವರಿದ್ದಾರೆ.