ತಡರಾತ್ರಿಯವರೆಗೆ ಎಚ್ಚರವಿದ್ದರೆ ಮನಸ್ಸಿಗೆ ಏನಾಗುತ್ತದೆ?

ಅಡುಗೆಮನೆ ಕೆಲಸ ಮುಗಿದು, ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಒಂದೆರಡು ಗಂಟೆ ಮಾತ್ರ ನಿಮ್ಮದು ಅನಿಸುತ್ತದೆಯೇ? ಲೋಕಲ್ ರೈಲಿನಲ್ಲಿ ಓಡಾಡಿ ದಣಿದವರಿಗೆ, ರೋಗಿಯನ್ನು ನೋಡಿಕೊಳ್ಳುವವರಿಗೆ ಹಾಗನಿಸುವುದು ಸಹಜ. ಒಂದು ರಾತ್ರಿ ನಿದ್ದೆಗೆಟ್ಟರೆ ಬೇಗ ಸುಧಾರಿಸಿಕೊಳ್ಳಬಹುದು. ಅದೇ ಅಭ್ಯಾಸವಾದರೆ ಮನಸ್ಸಿನ ಆರೋಗ್ಯ ಕೆಡುತ್ತದೆ. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು.

ಮಿದುಳಿನಲ್ಲಿ ಆಗುವುದೇನು?

ಭಯ, ಸಿಟ್ಟಿನಂಥ ಭಾವನೆಗಳಲ್ಲಿ ಮಿದುಳಿನ ಅಮಿಗ್ಡಲಾ ಎಂಬ ಭಾಗದ ಪಾತ್ರ ದೊಡ್ಡದು. ಹಣೆಯ ಹಿಂದಿರುವ ಭಾಗ ಅದನ್ನು ಹತೋಟಿಯಲ್ಲಿಡುತ್ತದೆ. ನಿದ್ದೆ ಸಾಲದಾದಾಗ ಅಮಿಗ್ಡಲಾ ಅತಿಯಾಗಿ ಪ್ರತಿಕ್ರಿಯಿಸುತ್ತದೆ, ಹತೋಟಿ ಸಡಿಲವಾಗುತ್ತದೆ. ಹಾಗಾಗಿ ಸಣ್ಣ ಮಾತಿಗೂ ಸಿಡುಕು, ಇಲ್ಲದ ಆತಂಕ, ಅಳು.

ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಭಾವನೆಗಳ ಸಮತೋಲನಕ್ಕೆ ನೆರವಾಗುವ ರೆಮ್ ನಿದ್ದೆ (ಕನಸುಗಳು ಹೆಚ್ಚಾಗಿ ಬೀಳುವ ಹಂತ) ಬೆಳಗಿನ ಜಾವದಲ್ಲೇ ಹೆಚ್ಚು. ಒಂದು ಗಂಟೆಗೆ ಮಲಗಿ ಐದೂವರೆಗೆ ಅಲಾರಂ ಇಟ್ಟರೆ ಅದೇ ಮೊಟಕಾಗುತ್ತದೆ.

ಖಿನ್ನತೆ, ಆತಂಕಗಳಿಂದ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಅವೇ ಉಲ್ಬಣಿಸುತ್ತವೆ.

ಮಾತ್ರೆಯ ಹೊತ್ತೂ ತಪ್ಪುತ್ತದೆ

“ಈ ಮಾತ್ರೆ ತಗೊಂಡ್ರೆ ಬೆಳಿಗ್ಗೆ ಏಳೋಕೇ ಆಗಲ್ಲ, ಅದಕ್ಕೇ ಬಿಟ್ಟುಬಿಟ್ಟೆ.” ಫಾರ್ಮಸಿಸ್ಟ್‌ಗಳಾದ ನಾವು ಆಗಾಗ ಕೇಳುವ ದೂರು ಇದು. ಮಿರ್ಟಾಜಪಿನ್, ಕ್ವೆಟಿಯಾಪಿನ್‌ನಂಥ ಔಷಧಗಳು ಮಂಪರು ತರುತ್ತವೆ. ಅದಕ್ಕೇ ಅವನ್ನು ಸಾಮಾನ್ಯವಾಗಿ ರಾತ್ರಿ ಕೊಡುತ್ತಾರೆ. ಹತ್ತು ಗಂಟೆಯ ಮಾತ್ರೆಯನ್ನು ಒಂದು ಗಂಟೆಗೆ ನುಂಗಿದರೆ ಮಂಪರು ಬೆಳಗಿನ ಆಫೀಸಿನ ಹೊತ್ತಿಗೂ ಉಳಿಯಬಹುದು. ಮಾತ್ರೆಯನ್ನು ದೂರುವ ಮೊದಲು ನುಂಗಿದ ಹೊತ್ತನ್ನು ನೋಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಒಟ್ಟಿಗೆ ಎರಡು ನುಂಗಬೇಡಿ. ನೈಟ್ ಶಿಫ್ಟ್ ಇದ್ದರೆ ವೈದ್ಯರಿಗೆ ತಿಳಿಸಿ, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಬರೆಸಿಕೊಳ್ಳಿ.

ನಿದ್ದೆ ಬರಲಿಲ್ಲವೆಂದು ಮನೆಯಲ್ಲಿ ಇನ್ನೊಬ್ಬರಿಗೆ ಬರೆದುಕೊಟ್ಟ ಆಲ್ಪ್ರಜೋಲಂ ನುಂಗುವುದೂ ಅಪಾಯ. ಇದು ಬೇಗ ಚಟವಾಗುತ್ತದೆ. ಬಹಳ ದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ತೊಂದರೆ.

ಮನೆಯವರು ಗಮನಿಸಬೇಕಾದದ್ದು

ಬೈಪೋಲಾರ್ ಕಾಯಿಲೆ ಇರುವವರಲ್ಲಿ ನಿದ್ದೆಗೇಡು ಮೇನಿಯಾವನ್ನು, ಅಂದರೆ ಅತಿ ಉತ್ಸಾಹದ ಸ್ಥಿತಿಯನ್ನು, ಕೆರಳಿಸಬಹುದು. ಮೂರ್ನಾಲ್ಕು ಗಂಟೆ ಮಾತ್ರ ಮಲಗಿದರೂ ಸುಸ್ತಿಲ್ಲ, ಮಾತು ಹೆಚ್ಚು, ಖರ್ಚು ಹೆಚ್ಚು — ಹೀಗಿದ್ದರೆ “ಈಗ ಚುರುಕಾಗಿದ್ದಾರೆ” ಎಂದು ಸಮಾಧಾನಪಡಬೇಡಿ. ಮುಂದಿನ ತಪಾಸಣೆಯವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಇಂದಿನಿಂದ ಏನು ಮಾಡಬಹುದು?

• ರಜೆಯ ದಿನವೂ ಏಳುವ ಹೊತ್ತು ಒಂದೇ ಇರಲಿ.
• ಮಧ್ಯಾಹ್ನದ ಊಟದ ನಂತರ ಕಾಫಿ, ಚಹಾ ಬೇಡ. ಐದು ಗಂಟೆ ಕಳೆದರೂ ಕೆಫೀನಿನ ಅರ್ಧದಷ್ಟು ದೇಹದಲ್ಲೇ ಇರುತ್ತದೆ.
• ಮೊಬೈಲನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕಿ. ಅದರ ಬೆಳಕು ನಿದ್ದೆಯ ಹಾರ್ಮೋನ್ ಮೆಲಟೋನಿನ್ ಅನ್ನು ತಗ್ಗಿಸುತ್ತದೆ.
• ರಾತ್ರಿಯ ಆರೈಕೆಯನ್ನು ಸಾಧ್ಯವಾದರೆ ಸರದಿಯಂತೆ ಹಂಚಿಕೊಳ್ಳಿ. ನೋಡಿಕೊಳ್ಳುವವರಿಗೂ ನಿದ್ದೆ ಬೇಕು.
• ನಿದ್ರಾಹೀನತೆ ತಿಂಗಳುಗಟ್ಟಲೆ ಇದ್ದರೆ ಸಿಬಿಟಿ-ಐ ಎಂಬ ಚಿಕಿತ್ಸೆಯ ಬಗ್ಗೆ ಕೇಳಿ. ಇದರಲ್ಲಿ ಮಾತ್ರೆ ಇಲ್ಲ. ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದಿಕೊಳ್ಳಲು ಕಲಿಸುತ್ತಾರೆ.

ಎರಡು ವಾರ ಕಳೆದರೂ ನಿದ್ದೆ, ಮನಸ್ಸು ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಬೆಳಗಾಗಲೆಂದು ಕಾಯಬೇಡಿ. ಪಕ್ಕದ ಕೋಣೆಯವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಲಭ್ಯ. ನೀವು ಯಾವ ಊರಿನಲ್ಲಿದ್ದರೂ ಕನ್ನಡದಲ್ಲಿ ಮಾತನಾಡುವವರು ಬೇಕೆಂದು ಕೇಳಬಹುದು.