ಯಾತ್ರೆಯ ಹರಕೆ, ಪಹಣಿಯ ಖಾತೆ, ಗಣಕದ ಸ್ಮೃತಿ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಆಂಜನೇಯರನ್ನು ಒಂದೇ ದಿನದಲ್ಲಿ ದರ್ಶಿಸಿದರೆ ವಿಶೇಷ ಪುಣ್ಯ ಲಭಿಸುವುದೆಂಬ ನಂಬಿಕೆ ಈ ಭಾಗದ ಜನಪದರಲ್ಲಿ ರೂಢಮೂಲವಾಗಿದೆ. ಎರಡು ಗುಡಿಗಳ ದರ್ಶನ ಮುಗಿದು ಮೂರನೆಯದು ತಪ್ಪಿದರೆ ಆ ಫಲವಿಲ್ಲ. ಮತ್ತೊಂದು ದಿನ ಮೊದಲಿನಿಂದಲೇ ಹೊರಡಬೇಕು. ಇಡಿಯಾಗಿ ನಡೆಯಬೇಕು, ಇಲ್ಲವಾದರೆ ನಡೆದಂತೆಯೇ ಅಲ್ಲ ಎಂಬ ಈ ತತ್ತ್ವವೇ ಗಣಕ ವಿಜ್ಞಾನದಲ್ಲಿ ‘ಟ್ರಾನ್ಸಾಕ್ಷನ್’ ಅಥವಾ ವ್ಯವಹಾರವೆಂಬ ಪರಿಕಲ್ಪನೆಯ ತಿರುಳು. ಆದರೆ ಇದೇ ತಿರುಳನ್ನು ಡೇಟಾಬೇಸ್ ಮತ್ತು ‘ಟ್ರಾನ್ಸಾಕ್ಷನಲ್ ಮೆಮೊರಿ’ ಬೇರೆ ಬೇರೆ ಬಗೆಯಲ್ಲಿ ಪಾಲಿಸುತ್ತವೆ.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ತಂದೆಯ ಹೆಸರಿನ 4 ಎಕರೆ ಹೊಲವು ಇಬ್ಬರು ಮಕ್ಕಳಿಗೆ ಹಂಚಿಕೆಯಾಗುವ ಸಂದರ್ಭವನ್ನು ಪರಿಭಾವಿಸಬಹುದು. ತಂದೆಯ ಹೆಸರು ಇಳಿಯಬೇಕು, ಮಕ್ಕಳ ಹೆಸರಿಗೆ ತಲಾ 2 ಎಕರೆ ಏರಬೇಕು. ನಡುವೆ ವಿದ್ಯುತ್ ಹೋಗಿ ಒಬ್ಬನ ಪಾಲು ಮಾತ್ರ ದಾಖಲಾದರೆ ಉಳಿದ ಹೊಲಕ್ಕೆ ಒಡೆಯನೇ ಇಲ್ಲದಂತಾಗಿ ಮನೆಯ ಜಗಳ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಡೇಟಾಬೇಸ್ ಇದಕ್ಕೆ ಎಡೆಗೊಡುವುದಿಲ್ಲ. ಬದಲಾವಣೆಗಳನ್ನು ಅದು ‘ಲಾಗ್’ ಎಂಬ ದಿನವಹಿಯಲ್ಲಿ ಬರೆದುಕೊಳ್ಳುತ್ತದೆ. ಎಲ್ಲವೂ ಪೂರ್ಣವಾದರೆ ಸ್ಥಿರಗೊಳಿಸುತ್ತದೆ, ಇಲ್ಲವಾದರೆ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಅವಿಭಾಜ್ಯತೆ, ಸುಸಂಗತತೆ, ಪ್ರತ್ಯೇಕತೆ, ಸ್ಥಾಯಿತ್ವ ಎಂಬ ನಾಲ್ಕು ಗುಣಗಳನ್ನು 1983ರಲ್ಲಿ ಥಿಯೊ ಹೇರ್ಡರ್ ಹಾಗೂ ಆಂಡ್ರಿಯಾಸ್ ರಾಯ್ಟರ್ ‘ಆಸಿಡ್’ ಎಂಬ ಹೆಸರಿನಡಿ ಒಂದುಗೂಡಿಸಿದರು.

ಗಣಕದೊಳಗೆ ಏಕಕಾಲದಲ್ಲಿ ಓಡುವ ಹಲವು ಕಾರ್ಯಗಳು ಒಂದೇ ಸ್ಮೃತಿಕೋಶವನ್ನು ತಿದ್ದಲು ಹೊರಟಾಗಲೂ ಇಂಥದೇ ತೊಡಕು ಒದಗುತ್ತದೆ. ಒಬ್ಬರು ಬೀಗ ಹಾಕಿಕೊಂಡು ಉಳಿದವರು ಕಾಯುವುದು ಹಳೆಯ ಕ್ರಮ. 1993ರಲ್ಲಿ ಮಾರಿಸ್ ಹರ್ಲಿಹಿ ಮತ್ತು ಎಲಿಯಟ್ ಮಾಸ್ ಮಂಡಿಸಿದ ‘ಟ್ರಾನ್ಸಾಕ್ಷನಲ್ ಮೆಮೊರಿ’ ಬೇರೊಂದು ದಾರಿಯನ್ನು ತೋರಿತು. ಪ್ರತಿ ಕಾರ್ಯವೂ ತನ್ನ ತಿದ್ದುಪಡಿಯನ್ನು ತಾತ್ಕಾಲಿಕವಾಗಿ ಮಾಡುತ್ತದೆ. ಇನ್ನೊಂದರೊಡನೆ ಘರ್ಷಣೆ ಕಂಡುಬಂದರೆ ಅದನ್ನು ಕೈಬಿಟ್ಟು ಯಾತ್ರಿಕನಂತೆ ಮೊದಲಿನಿಂದ ಹೊರಡುತ್ತದೆ.

ಎರಡರ ನಡುವಣ ಭೇದಗಳು ಗಮನಾರ್ಹ. ಡೇಟಾಬೇಸಿನ ದಾಖಲೆ ವಿದ್ಯುತ್ ಹೋದರೂ ಉಳಿಯುತ್ತದೆ. ಸ್ಮೃತಿಯ ವ್ಯವಹಾರಕ್ಕೆ ಆ ಸ್ಥಾಯಿತ್ವವಿಲ್ಲ. ಡೇಟಾಬೇಸಿಗೆ ಇರುವುದು ಒಂದೇ ಬಾಗಿಲು. ಸ್ಮೃತಿಯಲ್ಲಾದರೋ ವ್ಯವಹಾರದ ಹೊರಗಿನ ಆದೇಶವೂ ಅದೇ ಕೋಶವನ್ನು ಮುಟ್ಟಬಲ್ಲದು, ಅನೇಕ ತಂತ್ರಾಂಶ ರೂಪಗಳಲ್ಲಿ ಅದಕ್ಕೆ ತಡೆಯಿಲ್ಲ. ಮುದ್ರಿಸಿ ರೈತನ ಕೈಗಿತ್ತ ಪಹಣಿಯ ಪ್ರತಿಯನ್ನು ಇವೆರಡೂ ಹಿಂತೆಗೆಯಲಾರವು. ಆದರೆ ಮತ್ತೆ ಮತ್ತೆ ಆರಂಭಗೊಳ್ಳುವ ಸ್ಮೃತಿವ್ಯವಹಾರದಲ್ಲಿ ಮುದ್ರಣಾದೇಶ ಸೇರಿದರೆ ಅದು ಎರಡು ಬಾರಿ ನಡೆದೀತು. ಆದುದರಿಂದಲೇ 2005ರಲ್ಲಿ ಹ್ಯಾಸ್ಕೆಲ್ ಭಾಷೆಗೆ ರೂಪಿಸಿದ ವಿಧಾನವು ಅಂಥ ಆದೇಶಗಳಿಗೆ ವ್ಯವಹಾರದೊಳಗೆ ಪ್ರವೇಶವನ್ನೇ ಕೊಡುವುದಿಲ್ಲ. ಕ್ಷಣಕಾಲದ ಲೆಕ್ಕಕ್ಕೆ ಸ್ಮೃತಿಯ ವ್ಯವಹಾರ ಸಾಕು. ತಲೆಮಾರುಗಳವರೆಗೆ ನಿಲ್ಲಬೇಕಾದ ಹೊಲದ ಹಕ್ಕಿಗೆ ಡೇಟಾಬೇಸಿನ ದಿನವಹಿಯೇ ಆಧಾರ.