‘ಅನಿಮಲ್ಸ್’: ಪ್ರಾಣಿರೂಪಕ ಮತ್ತು ರಾಜಕೀಯ ಧ್ವನಿ

ಒಂದೇ ಆಶಯದ ಸುತ್ತ ಹಾಡುಗಳನ್ನು ಕ್ರಮವಾಗಿ ಹೆಣೆದು ಇಡೀ ಧ್ವನಿಮುದ್ರಿಕೆಯನ್ನು ಒಂದು ಕೃತಿಯಾಗಿ ರೂಪಿಸುವ ಪದ್ಧತಿ ಪಾಶ್ಚಾತ್ಯ ರಾಕ್ ಸಂಗೀತದಲ್ಲಿ 1960ರ ದಶಕದ ಉತ್ತರಾರ್ಧದಲ್ಲಿ ಬಲಗೊಂಡಿತು. ಇದನ್ನು ಕಾನ್ಸೆಪ್ಟ್ ಆಲ್ಬಂ ಎಂದು ಕರೆಯಲಾಗುತ್ತದೆ. ಇಂತಹ ಕೃತಿಗಳ ಒಳಗಥೆಯನ್ನು ಅರಸುವವರು ಬಹುಮಟ್ಟಿಗೆ ಸಂಕೇತಗಳನ್ನು ಒಗಟಿನಂತೆ ಬಿಡಿಸಲು ತೊಡಗುತ್ತಾರೆ. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡವು 1977ರ ಜನವರಿಯಲ್ಲಿ ಹೊರತಂದ ‘ಅನಿಮಲ್ಸ್’ ಈ ಬಗೆಯ ಓದಿಗೆ ಸುಲಭವಾಗಿ ಒದಗುತ್ತದೆ. ಆದರೆ ಪ್ರಾಣಿಕಥೆಗಳ ಅಧ್ಯಯನದ ಹಿನ್ನೆಲೆಯಲ್ಲಿ ನೋಡಿದಾಗ, ಅದರ ರಾಜಕೀಯ ಧ್ವನಿಯು ಹಾಡುಗಳ ಜೋಡಣೆಯಲ್ಲಿಯೇ ಹೆಚ್ಚಾಗಿ ಅಡಗಿದೆಯೆಂದು ತೋರುತ್ತದೆ.

ಸುಮಾರು 41 ನಿಮಿಷಗಳ ಈ ಕೃತಿಯಲ್ಲಿ ಐದು ಹಾಡುಗಳಿವೆ. ನಾಯಿ, ಹಂದಿ, ಕುರಿಗಳನ್ನು ಕುರಿತ ಮೂರು ದೀರ್ಘ ಹಾಡುಗಳನ್ನು ಮೊದಲಿಗೂ ಕೊನೆಗೂ ಬರುವ ಎರಡು ಕಿರುಹಾಡುಗಳು ಚೌಕಟ್ಟಿನಂತೆ ಸುತ್ತುವರಿದಿವೆ. ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ (1945) ಇದರ ಹಿಂದಿರುವುದು ಸರ್ವವಿದಿತ. ಆದರೂ ಇದನ್ನು ಆ ಕಾದಂಬರಿಯ ಸಂಗೀತರೂಪವೆನ್ನುವುದು ಸರಿಯಲ್ಲ. ಆರ್ವೆಲ್ಲನ ಗುರಿ ಸೋವಿಯತ್ ವ್ಯವಸ್ಥೆ. ಇಲ್ಲಿನ ಗುರಿ 1970ರ ದಶಕದ ಬ್ರಿಟನ್ನಿನ ಬಂಡವಾಳಶಾಹಿ ಸಮಾಜ. ಅಲ್ಲಿ ನಾಯಿಗಳು ಹಂದಿಗಳ ಕಾವಲು ಪಡೆ. ಇಲ್ಲಿನ ನಾಯಿ ಯಾರನ್ನೂ ನಂಬದೆ ಮೇಲೇರುವ, ಕೊನೆಗೆ ಒಂಟಿಯಾಗಿ ತನ್ನದೇ ಭಾರಕ್ಕೆ ಮುಳುಗುವ ವ್ಯವಹಾರಸ್ಥ.

ಕೃತಿಯ ರಚನಾಕ್ರಮವು ಜಾನಪದ ವಿದ್ವಾಂಸರಿಗೆ ವಿಶೇಷ ಕುತೂಹಲದ ಸಂಗತಿ. ನಾಯಿ ಮತ್ತು ಕುರಿಯ ಹಾಡುಗಳನ್ನು ತಂಡವು 1974ರಲ್ಲಿಯೇ ಬೇರೆ ಶೀರ್ಷಿಕೆಗಳಲ್ಲಿ ವೇದಿಕೆಯ ಮೇಲೆ ಹಾಡಿತ್ತು. ಆಗ ಅವು ಪ್ರಾಣಿರೂಪಕದ ಹಾಡುಗಳಾಗಿರಲಿಲ್ಲ. ರೋಜರ್ ವಾಟರ್ಸ್ ಅನಂತರ ಸಾಹಿತ್ಯವನ್ನು ತಿದ್ದಿ, ಹಂದಿಯ ಹಾಡನ್ನೂ ಕಿರುಹಾಡುಗಳನ್ನೂ ಸೇರಿಸಿದ. ಬಿಡಿ ಕಥೆಗಳು ಒಂದು ಕಥಾಚೌಕಟ್ಟಿನೊಳಗೆ ಸೇರಿದಾಗ ಹೊಸ ಅರ್ಥ ಪಡೆಯುವುದನ್ನು ಪಂಚತಂತ್ರದ ಓದುಗರು ಬಲ್ಲರು. ಆದ್ದರಿಂದ ಈ ಹಾಡುಗಳ ಪ್ರತಿ ಸಾಲಿನಲ್ಲಿಯೂ ಪೂರ್ವಯೋಜಿತ ಗುಪ್ತ ಸಂದೇಶವನ್ನು ಹುಡುಕುವುದು ಅನುಚಿತ.

ಹೆಸರುಗಳ ವಿಚಾರವನ್ನೂ ಗಮನಿಸಬೇಕು. ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ಪಿಂಗಳಕ, ಸಂಜೀವಕ, ದಮನಕರಿದ್ದಾರೆ. ಆರ್ವೆಲ್ಲನಲ್ಲಿ ನೆಪೋಲಿಯನ್, ಸ್ನೋಬಾಲ್ ಇದ್ದಾರೆ. ‘ಅನಿಮಲ್ಸ್’ನ ಪ್ರಾಣಿಗಳಿಗೆ ಹೆಸರಿಲ್ಲ, ಅವು ಕೇವಲ ವರ್ಗಗಳು. ಹೆಸರಿರುವುದು ಒಬ್ಬ ಮನುಷ್ಯಳಿಗೆ: ಪ್ರಸಾರ ಮಾಧ್ಯಮಗಳಲ್ಲಿನ ಅಶ್ಲೀಲತೆಯ ವಿರುದ್ಧ ಹೋರಾಡಿದ ಮೇರಿ ವೈಟ್‌ಹೌಸ್‌ಗೆ. ಆ ಹೆಸರನ್ನು ಅಮೆರಿಕದ ಅಧ್ಯಕ್ಷರ ನಿವಾಸವೆಂದು ಕೇಳಿಸಿಕೊಂಡವರುಂಟು. ಇದನ್ನು ಕೇವಲ ತಪ್ಪೆಂದು ತಳ್ಳಿಹಾಕಲಾಗದು. ಮೌಖಿಕ ಪರಂಪರೆಯಲ್ಲಿ ಅನ್ಯೋಕ್ತಿಯು ಕೇಳುಗನ ಕಾಲದೇಶಗಳಿಗೆ ಹೊಂದಿಕೊಳ್ಳುವುದು ಹೀಗೆಯೇ. ಮುಂದೆ 2017ರ ಸಂಗೀತ ಪ್ರವಾಸದಲ್ಲಿ ವಾಟರ್ಸ್‌ನೇ ಹಂದಿಯ ಹಾಡನ್ನು ಡೊನಾಲ್ಡ್ ಟ್ರಂಪ್‌ನತ್ತ ತಿರುಗಿಸಿದ.

ಕುರಿಯ ಹಾಡು ಇಡೀ ಕೃತಿಯ ಕೇಂದ್ರ. ದೇವರನ್ನು ಕುರುಬನೆಂದು ಸ್ತುತಿಸುವ ಬೈಬಲಿನ 23ನೆಯ ಕೀರ್ತನೆ ಇಲ್ಲಿ ವಿಡಂಬನೆಯಾಗುತ್ತದೆ, ಕಾಯುವವನೇ ಕಟುಕನಾಗುತ್ತಾನೆ. ಸಾಲಿನ ಕೊನೆಯಲ್ಲಿ ಗಾಯಕ ಹಿಡಿದ ದೀರ್ಘಸ್ವರವು ಅರಿವಿಗೆ ಬಾರದಂತೆ ಸಿಂಥಸೈಸರ್ ನಾದದಲ್ಲಿ ಕರಗುತ್ತದೆ. ಮನುಷ್ಯದನಿ ಯಂತ್ರದನಿಯಾಗುವ ಈ ತಂತ್ರವನ್ನು ಸಾಹಿತ್ಯವನ್ನಷ್ಟೇ ಓದುವ ವಿಮರ್ಶೆ ಕಾಣಲಾರದು. ಕೊನೆಗೆ ಕುರಿಗಳು ದಂಗೆಯೆದ್ದು ನಾಯಿಗಳನ್ನು ಕೊಲ್ಲುತ್ತವೆ. ಜನಪದ ಕಥೆಯಾಗಿದ್ದರೆ ದುರ್ಬಲರ ಈ ಗೆಲುವಿನೊಂದಿಗೆ ಕಥೆ ಮುಗಿಯುತ್ತಿತ್ತು. ಇಲ್ಲಿ ಮನೆಯೊಳಗಿರಿ, ಹೇಳಿದಂತೆ ಕೇಳಿ ಎಂಬ ಆಜ್ಞೆ ಮತ್ತೆ ಕೇಳಿಬರುತ್ತದೆ. ಹಂದಿಗಳಿಗೆ ಏನೂ ಆಗಿಲ್ಲ.

ಇದರ ಬೆನ್ನಿಗೇ ಕೊನೆಯ ಕಿರುಹಾಡು ಬರುತ್ತದೆ. ಅನೇಕರು ಇದನ್ನು ಸರಳ ಪ್ರೇಮಗೀತೆಯೆಂದು ಪಕ್ಕಕ್ಕಿಡುತ್ತಾರೆ. ವಾಸ್ತವವಾಗಿ ಕೃತಿಯ ಅತ್ಯಂತ ಇರುಸುಮುರುಸಿನ ಮಾತು ಇರುವುದು ಇಲ್ಲಿಯೇ. ಅಕೌಸ್ಟಿಕ್ ಗಿಟಾರಿನೊಂದಿಗೆ ಮೆಲುದನಿಯಲ್ಲಿ ಹಾಡುವ ನಿರೂಪಕನು, ಹಾರುವ ಹಂದಿಗಳಿಂದ ಮರೆಯಾಗಲು ಆಸರೆ ಬೇಕಾದ ನಾಯಿ ತಾನೆಂದು ಸೂಚಿಸುತ್ತಾನೆ. ಅಷ್ಟು ಹೊತ್ತು ನಾಯಿಗಳ ವಿರುದ್ಧ ಸಾಕ್ಷಿ ನುಡಿದವನು, ಹಿಂದಿನ ಹಾಡಿನಲ್ಲಿ ಸತ್ತ ವರ್ಗಕ್ಕೆ ಸೇರಿದವನು.